ರಾಮಪ್ರಸಾದರ ಇನ್ನೂರ ಅರವತ್ತೊಂದು ಬೆಟ್ಟಗಳು

ರಾಮಪ್ರಸಾದರಿಗೆ ಬೆಟ್ಟ ಕಂಡರೆ ಆಗುವುದಿಲ್ಲ. ಈ ಮಾತನ್ನು ಜಪಾನಿನ ನಗೋಯಾದ ಅವರ ಕಚೇರಿಯಲ್ಲಿ ಯಾರಾದರೂ ಆಡಿದರೆ, ಆಡಿದವರ ತಲೆಯೇ ಸರಿಯಿಲ್ಲ ಎಂದುಕೊಳ್ಳುತ್ತಾರೆ. ಅಲ್ಲಿ ಅವರಿಗೆ ಬೆಟ್ಟದ ರಾಮು ಸಾನ್, ಅಂದರೆ ಬೆಟ್ಟದ ರಾಮು ಅವರು, ಎಂದೇ ಹೆಸರು. ಮೇಜಿನ ಮೇಲೆ ಒಂದು ಫೋಟೊ ಇದೆ. ಹಿಮ ಹೊದ್ದ ಇಬುಕಿ ಬೆಟ್ಟದ ತುದಿಯಲ್ಲಿ ಅವರು ಬಾಯ್ತುಂಬ ನಗುತ್ತ ನಿಂತಿದ್ದಾರೆ. ಅದು ನಗುವಲ್ಲ, ಉಸಿರು ಸಾಲದೆ ತೆರೆದ ಬಾಯಿ. ಆದರೆ ಫೋಟೊ ನೋಡಿ ಮೆಚ್ಚಿಕೊಂಡವರಿಗೆ ಅದನ್ನು ಹೇಳುವುದು ಹೇಗೆ? ಹದಿಮೂರು ವರ್ಷದಿಂದ ಅವರು ಹೇಳಿಲ್ಲ.

ಎಲ್ಲಕ್ಕೂ ಮೂಲ ಒಂದು ಬಯೋಡೇಟಾ. ಮೈಸೂರಿನ ಸರಸ್ವತಿಪುರದ ಮನೆಯಲ್ಲಿ ಕೂತು, ಕಾರಿನ ಬ್ರೇಕುಗಳ ತಂತ್ರಾಂಶ ಪರೀಕ್ಷಿಸುವ ಜಪಾನೀ ಕಂಪನಿಗೆ ಕಳಿಸಲೆಂದು ಅವರು ಅದನ್ನು ತಯಾರಿಸುತ್ತಿದ್ದರು. ನಮ್ಮ ಕಡೆ ಹವ್ಯಾಸ ಎನ್ನುವ ಕಾಲಂ ಇರುವುದು ಹಾಳೆಯ ಕೆಳಭಾಗ ಬೋಳಾಗಿ ಕಾಣದಿರಲಿ ಎಂದು. ಅದನ್ನು ಬರೆಯುವವರೂ ನಂಬುವುದಿಲ್ಲ, ಓದುವವರೂ ಓದುವುದಿಲ್ಲ. ರಾಮಪ್ರಸಾದರು ಪುಸ್ತಕ ಓದುವುದು, ಸಂಗೀತ ಕೇಳುವುದು ಎಂದು ಬರೆದರು. ಪಕ್ಕದಲ್ಲಿ ಕೂತು ಕೋಡುಬಳೆ ಮೆಲ್ಲುತ್ತಿದ್ದ ಹೆಂಡತಿಯ ತಮ್ಮ ಮುಕುಂದ ಇಣುಕಿ ನೋಡಿ, ಎರಡೂ ಕೂತಲ್ಲೇ ಮಾಡುವಂಥವು, ಸೋಮಾರಿ ಅಂದುಕೊಳ್ಳುತ್ತಾರೆ ಭಾವ, ಒಂದು ಓಡಾಡುವಂಥದ್ದು ಸೇರಿಸಿ ಎಂದ. ಭಾವ ಬೆಟ್ಟ ಹತ್ತುವುದು ಎಂದು ಸೇರಿಸಿದರು. ಆವರೆಗೆ ಅವರು ಹತ್ತಿದ್ದ ಬೆಟ್ಟವೆಂದರೆ ಚಾಮುಂಡಿ ಬೆಟ್ಟ. ಅದರಲ್ಲೂ ಮೆಟ್ಟಿಲು ಹತ್ತಿದ್ದು ಒಂದೇ ಸಲ, ಹರಕೆ ಹೊತ್ತಿದ್ದ ಸೋದರತ್ತೆಯ ಜೊತೆಗೆ, ಅದೂ ನಂದಿಯವರೆಗೆ. ಅಲ್ಲಿಂದ ಇಬ್ಬರೂ ರಸ್ತೆಗೆ ಬಂದು ಬಸ್ಸು ಹಿಡಿದಿದ್ದರು.

ಕೆಲಸಕ್ಕೆ ಸೇರಿದ ಮೂರನೆಯ ವಾರ ವಿಭಾಗದ ಮುಖ್ಯಸ್ಥ ಇನಾಗಾಕಿ ಸಾನ್ ಇವರ ಮೇಜಿನ ಬಳಿ ಬಂದು ನಿಂತರು. ಐವತ್ತು ದಾಟಿದ, ತೆಳ್ಳಗಿನ, ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಂಡಿರುವ ಮನುಷ್ಯ. ಅವರ ಕೈಯಲ್ಲಿ ಬಯೋಡೇಟಾದ ಪ್ರತಿ ಇತ್ತು. ಹವ್ಯಾಸದ ಕಾಲಮ್ಮಿನ ಮೂರನೆಯ ಐಟಂ ಕೆಳಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದಿತ್ತು. ತಮ್ಮ ಬಯೋಡೇಟಾವನ್ನು ಒಬ್ಬರು ಕೊನೆಯವರೆಗೂ ಓದಿದ್ದಾರೆ ಎಂಬ ಗಾಬರಿಯಿಂದ ರಾಮಪ್ರಸಾದರು ಎದ್ದು ನಿಂತರು. ಊರಿನಲ್ಲಿ ಯಾವ ಬೆಟ್ಟ ಹತ್ತುತ್ತಿದ್ದಿರಿ ಎಂದು ಇನಾಗಾಕಿ ಸಾನ್ ವಿನಯದಿಂದ ಕೇಳಿದರು. ಚಾಮುಂಡಿ ಎಂದರು ಇವರು. ಎತ್ತರ? ಸಾವಿರ ಮೀಟರಿಗೂ ಮೇಲೆ. ಸುತ್ತಲಿನ ನಾಲ್ಕು ಮೇಜುಗಳಿಂದ ಮೆಚ್ಚುಗೆಯ ಉದ್ಗಾರ ಬಂತು. ಸುಳ್ಳೇನಲ್ಲ, ಸಮುದ್ರಮಟ್ಟದಿಂದ ಲೆಕ್ಕ ಹಾಕಿದರೆ ಅದು ಸಾವಿರದ ಮೇಲೆಯೇ ಇದೆ. ಮೈಸೂರೇ ಏಳುನೂರು ಚಿಲ್ಲರೆ ಮೀಟರ್ ಎತ್ತರದಲ್ಲಿ ಕೂತಿದೆ, ಮಿಕ್ಕಿದ್ದಷ್ಟೇ ಬೆಟ್ಟ, ಅದಕ್ಕೂ ಸಿಟಿ ಬಸ್ಸಿದೆ ಎನ್ನುವುದನ್ನು ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

ಮುಂದಿನ ಶನಿವಾರ ಬೆಳಗ್ಗೆ ಆರು ಗಂಟೆಗೆ ಇನಾಗಾಕಿ ಸಾನ್ ಕಾರು ತಂದು ಹೋಂಗೊ ಸ್ಟೇಷನ್ನಿನ ಮುಂದೆ ನಿಂತಿದ್ದರು. ಹೋದದ್ದು ಸನಾಗೆ ಎಂಬ ಬೆಟ್ಟಕ್ಕೆ. ಆರುನೂರು ಚಿಲ್ಲರೆ ಮೀಟರ್, ನಿಮ್ಮಂಥವರಿಗೆ ಸಣ್ಣದು ಎಂದು ಇನಾಗಾಕಿ ಸಾನ್ ಮೊದಲೇ ಕ್ಷಮೆ ಕೇಳಿದರು. ಅರ್ಧ ದಾರಿಯಲ್ಲಿ ರಾಮಪ್ರಸಾದರಿಗೆ ಬೆಳಗಿನ ಉಪ್ಪಿಟ್ಟು ವಾಪಸು ಬಂತು. ಬಿದಿರುಮೆಳೆಯ ಹಿಂದೆ ಹೋಗಿ ಮುಗಿಸಿ, ಹೂವಿನ ಫೋಟೊ ತೆಗೆಯುತ್ತಿದ್ದೆ ಎಂದು ಹೇಳಿ ಬಂದರು. ಮೇಲೆ ಹೋದಾಗ ಕೆಳಗೆ ಊರೂರೇ ಹರಡಿಕೊಂಡಿತ್ತು. ಇನಾಗಾಕಿ ಸಾನ್ ಮಾತ್ರ ಅದಕ್ಕೆ ಬೆನ್ನು ಮಾಡಿ, ಒಂದು ಮರವನ್ನು ಹಿಡಿದು, ಕಣ್ಣು ಮುಚ್ಚಿ ನಿಂತಿದ್ದರು. ಎಂಥ ಭಕ್ತಿ ಎಂದುಕೊಂಡರು ರಾಮಪ್ರಸಾದರು. ಅಂಥ ಭಕ್ತರ ಮುಂದೆ, ಇನ್ನೊಂದು ಸಲ ನನ್ನನ್ನು ಕರೆಯಬೇಡಿ ಎನ್ನಲು ಅವರಿಗೆ ನಾಲಿಗೆ ಏಳಲಿಲ್ಲ. ಕೆಳಗಿಳಿದು ಬೀಳ್ಕೊಡುವಾಗ, ಮಾತಿಗೊಂದು ಮಾತು ಎಂದು, ಮುಂದಿನದು ಯಾವಾಗ ಎಂದು ಕೇಳಿಬಿಟ್ಟರು. ಇನಾಗಾಕಿ ಸಾನ್ ಬೆಟ್ಟದ ಕಡೆ ಒಮ್ಮೆ ತಿರುಗಿ ನೋಡಿ, ಜೇಬಿನಿಂದ ನೋಟ್‌ಬುಕ್ ತೆಗೆದು, ಎರಡು ವಾರ ಬಿಟ್ಟು ಎಂದರು.

ದಾಕ್ಷಿಣ್ಯ ಎಂಬುದೊಂದು ಕಾಯಿಲೆ ನಮ್ಮಲ್ಲಿದೆ. ಹೊಟ್ಟೆ ಬಿರಿಯುವಂತಿದ್ದರೂ, ಬಡಿಸುವವರು ಎದುರಿಗೆ ನಿಂತರೆ ಇನ್ನೊಂದು ಹೋಳಿಗೆಗೆ ಎಲೆ ಬಿಟ್ಟುಕೊಡುವುದು ಇದೇ ಕಾಯಿಲೆಯ ಲಕ್ಷಣ. ರಾಮಪ್ರಸಾದರಿಗೆ ಅದು ಹುಟ್ಟಿನಿಂದ ಬಂದಿತ್ತು. ಆ ಕಾಯಿಲೆಗೆ ಔಷಧಿ ಸಿಗದ ದೇಶ ಯಾವುದಾದರೂ ಇದ್ದರೆ ಅದು ಜಪಾನೇ ಎಂದು ತಿಳಿಯದೆ ಅವರು ಅಲ್ಲಿಗೇ ಹೋಗಿ ಸೇರಿದರು. ತಿಂಗಳಿಗೆ ಎರಡು ಶನಿವಾರ, ಎರಡನೆಯದು ಮತ್ತು ನಾಲ್ಕನೆಯದು, ಬೆಟ್ಟಕ್ಕೆ ಹೋದವು. ಗೊಜೈಶೊ ಬೆಟ್ಟಕ್ಕೆ ತಂತಿಯ ಮೇಲೆ ಓಡುವ ರೋಪ್‌ವೇ ಇದೆ. ಇವರಿಬ್ಬರೂ ಬಂಡೆ ಹಿಡಿದು ಏದುಸಿರು ಬಿಡುತ್ತ ಹತ್ತುವಾಗ ತಲೆಯ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಅಜ್ಜಿಯಂದಿರು ಕೈ ಬೀಸುತ್ತ ಹೋದರು. ಇಬ್ಬರೂ ತಲೆಯೆತ್ತಿ ಬಹಳ ಹೊತ್ತು ನೋಡಿದರು.

ಹೆಂಡತಿ ವಸುಂಧರಾ ಮೊದಲ ಎರಡು ವರ್ಷ ಗೊಣಗಿದರು. ವಾರವೆಲ್ಲ ಆಫೀಸು, ಇರುವ ರಜೆಯಲ್ಲೂ ಬೆಟ್ಟ, ನಾನೂ ಮಗುವೂ ಇಲ್ಲಿ ಗೋಡೆ ನೋಡಿಕೊಂಡು ಇರಬೇಕೇ ಎಂದರು. ಮೂರನೆಯ ವರ್ಷ ಗೊಣಗುವುದು ನಿಂತಿತು. ಹೆಂಡತಿ ಹೊಂದಿಕೊಂಡಳು ಎಂದು ರಾಮಪ್ರಸಾದರಿಗೆ ಸಮಾಧಾನವೂ ಆಯಿತು, ಒಳಗೊಳಗೇ ಪಶ್ಚಾತ್ತಾಪವೂ ಆಯಿತು. ಬೆಟ್ಟದಿಂದ ಬಂದ ಸಂಜೆ ಬಿಸಿನೀರಿನ ಟಬ್ಬಿನಲ್ಲಿ ಕಾಲಿಟ್ಟುಕೊಂಡು ಕೂತು, ಆ ದಿನದ ಕಷ್ಟವನ್ನೆಲ್ಲ ಹೆಂಡತಿ ಮಗಳ ಮುಂದೆ ಹೇಳಿಕೊಂಡು, ಹೇಳುತ್ತ ಹೇಳುತ್ತಲೇ ನಿದ್ದೆ ಹೋಗುತ್ತಿದ್ದರು. ಏಳನೆಯ ವರ್ಷದ ಹೊತ್ತಿಗೆ ವಸುಂಧರಾ ಅವರ ಜಪಾನೀ ಭಾಷೆ ಗಂಡನದಕ್ಕಿಂತ ನಯವಾಗಿತ್ತು. ಎಲ್ಲಿ ಕಲಿತೆ ಎಂದರೆ ಟೀವಿ ನೋಡಿ ಎನ್ನುತ್ತಿದ್ದರು. ಫ್ರಿಜ್ಜಿನಲ್ಲಿ ಆಗಾಗ ಮೂಲಂಗಿಯ ಜಪಾನೀ ಉಪ್ಪಿನಕಾಯಿ ಕಾಣಿಸುತ್ತಿತ್ತು. ಮನೆಯೊಳಗೆ ಮೆಟ್ಟುವ ಕಾಲ್ಚಪ್ಪಲಿಗಳ ಸಂಖ್ಯೆಯೂ ಹೆಚ್ಚುತ್ತ ಹೋಯಿತು. ಇವೆಲ್ಲ ರಾಮಪ್ರಸಾದರ ಕಣ್ಣಿಗೆ ಬಿದ್ದಿದ್ದವು. ಬ್ರೇಕಿನ ತಂತ್ರಾಂಶದಲ್ಲಿ ಒಂದು ಅಲ್ಪವಿರಾಮ ತಪ್ಪಿದರೂ ಹಿಡಿಯುವವರು ಇವನ್ನು ನೋಡಿಯೂ ಸುಮ್ಮನಿದ್ದರು.

ಅವರಿಗೆ ಬೇಕಾಗಿದ್ದುದು ಒಂದೇ, ತಮ್ಮ ಶನಿವಾರ. ಎಂಟು ಗಂಟೆಗೆ ಏಳಬೇಕು. ಹೆಂಚಿನಿಂದ ನೇರ ತಟ್ಟೆಗೆ ಬೀಳುವ ದೋಸೆ ತಿನ್ನಬೇಕು. ಮಗಳು ನಮ್ರತಾ ಏನೋ ಹೇಳಬೇಕು, ತಾನು ಪೇಪರಿನಿಂದ ತಲೆಯೆತ್ತಿ ಹೌದಾ ಪುಟ್ಟಿ ಎನ್ನಬೇಕು. ಊಟವಾದ ಮೇಲೆ ಒಂದು ಗಂಟೆ ಅಡ್ಡಾಗಬೇಕು. ಇಷ್ಟು ಸಣ್ಣ ಆಸೆ ಹದಿಮೂರು ವರ್ಷ ಈಡೇರಿರಲಿಲ್ಲ. ಬೆಟ್ಟವಿಲ್ಲದ ಶನಿವಾರಗಳೆಲ್ಲ ಸಾಮಾನು, ಬಟ್ಟೆ, ವಾರ್ಡ್ ಕಚೇರಿ ಎಂದು ಕಳೆದುಹೋಗುತ್ತಿದ್ದವು. ಈಗ ನಮ್ರತಾಗೆ ಹದಿನೇಳು. ಬರುವ ಏಪ್ರಿಲ್ಲಿನಿಂದ ಸಪ್ಪೊರೊದಲ್ಲಿ ಓದುವ ಆಸೆ ಅವಳದು. ಎಣಿಸಿದರೆ ಉಳಿದದ್ದು ಆರು ತಿಂಗಳ ಶನಿವಾರಗಳು. ಅವನ್ನಾದರೂ ಮನೆಯಲ್ಲಿ ಕಳೆಯದಿದ್ದರೆ ತಾನೆಂಥ ಅಪ್ಪ ಎಂದು ಅವರು ಕೊರಗುತ್ತಿದ್ದರು.

ಬಾಯಿ ಬಿಟ್ಟು ಹೇಳಲಾರದ್ದಕ್ಕೆ ಅವರು ಮೊದಲು ಡಾಕ್ಟರ ಮೊರೆ ಹೊಕ್ಕರು. ಮಂಡಿ ನೋವು ಎಂದು ಮೂಳೆ ಡಾಕ್ಟರಲ್ಲಿಗೆ ಹೋದರು. ಇನ್ನು ಬೆಟ್ಟ ಕೂಡದು ಎಂದು ಒಂದು ಚೀಟಿ ಸಿಕ್ಕರೆ ಯಾರಿಗೂ ನೋವಾಗದೆ ಕೆಲಸ ಮುಗಿಯುತ್ತದೆ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ನರ್ಸನ್ನೂ ಕರೆದು ತೋರಿಸಿದರು. ಐವತ್ತೆರಡಕ್ಕೆ ಇಂಥ ಮಂಡಿಯನ್ನು ತಾನು ಕಂಡಿಲ್ಲ, ಸಕ್ಕರೆ ಇಲ್ಲ, ಬಿಪಿ ಇಲ್ಲ, ಏನು ಮಾಡುತ್ತೀರೋ ಅದನ್ನೇ ಮುಂದುವರಿಸಿ ಎಂದು ಎದ್ದು ನಿಂತು ತಲೆಬಾಗಿದರು. ರಾಮಪ್ರಸಾದರು ಅರಿಗಾತೋ ಹೇಳಿ ಹೊರಬಂದು, ಎದುರಿನ ಕೊಂಬಿನಿ ಅಂಗಡಿಯ ಮುಂದಿನ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತರು. ಮನಸ್ಸಿಗೆ ತುಂಬ ಬೇಜಾರಾಗಿತ್ತು.

ಆಗಲೇ ಇನಾಗಾಕಿ ಸಾನ್ ಅವರ ನಿವೃತ್ತಿ ಬಂತು. ಅರವತ್ತಕ್ಕೆ ಒಮ್ಮೆ ನಿವೃತ್ತರಾಗಿ, ಅದೇ ಕುರ್ಚಿಯಲ್ಲಿ ಇನ್ನೈದು ವರ್ಷ ಕೂತಿದ್ದವರಿಗೆ ಈ ಸೆಪ್ಟೆಂಬರಿನ ಕೊನೆಯ ದಿನ ಕಚೇರಿಯ ಕೊನೆಯ ದಿನ. ಹೋಗುವ ಮುಂಚೆ ನಿಮ್ಮೊಂದಿಗೆ ಹಕುಸಾನ್ ಹತ್ತಬೇಕು, ಇದು ನನ್ನ ಸ್ವಾರ್ಥದ ಕೋರಿಕೆ ಎಂದು ಅವರು ತಲೆಬಾಗಿ ಕೇಳಿದರು. ಹಕುಸಾನ್ ಎಂದರೆ ಎರಡು ಸಾವಿರದ ಏಳುನೂರು ಮೀಟರ್, ಪವಿತ್ರ ಬೆಟ್ಟ, ಮೇಲೆ ಒಂದು ರಾತ್ರಿ ತಂಗಬೇಕು. ರಾಮಪ್ರಸಾದರು ಆಗಲಿ ಎಂದರು. ಆದರೆ ಅಂದು ಮನೆಗೆ ಬರುವಾಗ ಸಬ್‌ವೇ ರೈಲಿನಲ್ಲಿ ನಿಂತುಕೊಂಡೇ ಶಪಥ ಮಾಡಿದರು. ಇದೇ ಕೊನೆ. ತುದಿಯಲ್ಲಿ ನಿಂತು ಸತ್ಯ ಹೇಳಿಬಿಡುವುದು. ದೇವರ ಬೆಟ್ಟದ ಮೇಲೆ ಹೇಳಿದರೆ ಇನಾಗಾಕಿ ಸಾನ್‌ಗೂ ಅಷ್ಟು ಸಿಟ್ಟು ಬರಲಾರದು.

ವಸುಂಧರಾ ಬೀನ್ಸ್ ಹೆಚ್ಚುತ್ತಿದ್ದರು. ಇನ್ನು ಮೇಲೆ ಎಲ್ಲ ಶನಿವಾರವೂ ಮನೆಯಲ್ಲೇ ಇರುತ್ತೇನೆ ಎಂದು ಗಂಡ ಹೇಳಿದಾಗ ಅವರ ಕೈಯ ಚಾಕು ನಿಂತಿತು.

"ಯಾಕ್ರೀ ಈಗ? ಹದಿಮೂರ್ ವರ್ಷ ಹೋಗಿದೀರಿ. ಪಾಪ, ಅವರಿಗೆ ಬೇಜಾರಾಗಲ್ವಾ?" ಎಂದರು.

ಇಷ್ಟು ಸಹಿಸಿಕೊಂಡವಳು ಇನ್ನೂ ಬೇರೆಯವರ ಬೇಜಾರಿನ ಬಗ್ಗೆ ಯೋಚಿಸುತ್ತಾಳಲ್ಲ ಎಂದುಕೊಂಡರು ರಾಮಪ್ರಸಾದರು.

ಹಕುಸಾನ್‌ನ ದಾರಿ ಶುರುವಾಗುವುದೇ ಒಂದು ತೂಗುಸೇತುವೆಯಿಂದ. ಹೆಜ್ಜೆ ಇಟ್ಟರೆ ಅದು ತೊಟ್ಟಿಲ ಹಾಗೆ ಆಡುತ್ತದೆ, ಕೆಳಗೆ ಹೊಳೆ. ನೀವೇ ನಾಯಕರು, ನೀವು ಮುಂದೆ ಹೋಗಿ ಎಂದು ಇನಾಗಾಕಿ ಸಾನ್ ಹಿಂದೆ ನಿಂತರು. ದಾಟುವವರೆಗೂ ಅವರು ಹಿಂದಿನಿಂದ ರಾಮಪ್ರಸಾದರ ಬೆನ್ನಚೀಲದ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು ಎಂಬುದು ಇವರಿಗೆ ಗೊತ್ತಾಯಿತು. ವಯಸ್ಸಾಯಿತು, ಪಾಪ ಎಂದುಕೊಂಡರು. ಚೀಲಕ್ಕೆ ಕಟ್ಟಿದ್ದ ಕರಡಿಗಂಟೆ ದಾರಿಯುದ್ದಕ್ಕೂ ಗಣಗಣ ಎನ್ನುತ್ತಿತ್ತು. ಮನುಷ್ಯರು ಬರುತ್ತಿದ್ದಾರೆ ಎಂದು ಕರಡಿಗೆ ಮುಂಚಿತವಾಗಿ ತಿಳಿಸುವುದಕ್ಕೆ ಇಲ್ಲಿ ಎಲ್ಲರೂ ಅದನ್ನು ಕಟ್ಟಿಕೊಳ್ಳುತ್ತಾರೆ. ಮಧ್ಯಾಹ್ನ ಬಂಡೆಯ ಮೇಲೆ ಕೂತು ಎಂದಿನಂತೆ ಡಬ್ಬಿ ಬದಲಾಯಿಸಿಕೊಂಡರು. ಇವರ ಪುಳಿಯೋಗರೆ ಅವರಿಗೆ, ಅವರ ಹುಳಿಹಣ್ಣು ತುಂಬಿದ ಅನ್ನದುಂಡೆ ಇವರಿಗೆ. ಇನಾಗಾಕಿ ಸಾನ್ ಒಗ್ಗರಣೆಯ ಒಣಮೆಣಸಿನಕಾಯಿಯನ್ನು ಎತ್ತಿ ಪಕ್ಕಕ್ಕಿಡುವುದನ್ನು ಹದಿಮೂರು ವರ್ಷದ ಹಿಂದೆ ಒಂದೇ ಸಲಕ್ಕೆ ಕಲಿತಿದ್ದರು.

ಮರುದಿನ ಬೆಳಗ್ಗೆ ತುದಿಯಲ್ಲಿ ಮಂಜು ಬಿಟ್ಟು ಬೇರೇನೂ ಇರಲಿಲ್ಲ. ಪುಟ್ಟ ಗುಡಿಯೊಂದು ಮಂಜಿನಲ್ಲಿ ಅರ್ಧ ಕಾಣುತ್ತಿತ್ತು. ಬಂದಿದ್ದ ನಾಲ್ಕು ಜನ ಕೈಮುಗಿದು ಇಳಿದುಹೋದ ಮೇಲೆ ರಾಮಪ್ರಸಾದರು ಜೇಬಿನಿಂದ ಚೀಟಿ ತೆಗೆದರು. ಒಂದು ವಾರ ಕೂತು ಮರ್ಯಾದೆಯ ಜಪಾನೀ ಭಾಷೆಯಲ್ಲಿ ಬರೆದುಕೊಂಡಿದ್ದ ಆರು ವಾಕ್ಯಗಳಿದ್ದವು. ಮೊದಲ ಎರಡನ್ನು ಓದಿ, ಮೂರನೆಯದಕ್ಕೆ ಚೀಟಿ ಮಡಚಿಬಿಟ್ಟರು.

"ಇನಾಗಾಕಿ ಸಾನ್, ಬೆಟ್ಟ ಹತ್ತೋದು ನನ್ನ ಹವ್ಯಾಸ ಅಲ್ಲ. ಯಾವತ್ತೂ ಆಗಿರಲಿಲ್ಲ. ಆ ಕಾಗದದಲ್ಲಿ ಜಾಗ ಖಾಲಿ ಇತ್ತು, ಬರೆದೆ. ಕ್ಷಮಿಸಿ."

ಇನಾಗಾಕಿ ಸಾನ್ ಟೋಪಿ ತೆಗೆದರು. ಹತ್ತಿರದ ಕಲ್ಲಿನ ಮೇಲೆ ನಿಧಾನವಾಗಿ ಕೂತರು.

"ಹಾಗಾದರೆ ಇಬುಕಿ? ಹಿಮದಲ್ಲಿ ಹೋದದ್ದು?"

"ನೀವು ಕರೆದಿರಿ."

"ಬೇಸಿಗೆಯಲ್ಲಿ ಅಲ್ಲಿ ನಿಂತು, ಇದು ಹಿಮದಲ್ಲಿ ಹೇಗಿರುತ್ತದೋ ಅಂದಿದ್ದಿರಿ. ಅದಕ್ಕೆ ಕರೆದೆ."

"ಏನಾದರೂ ಮಾತಾಡಬೇಕಲ್ಲ ಅಂತ ಅಂದದ್ದು ಅದು."

ಆಮೇಲೆ ಇನಾಗಾಕಿ ಸಾನ್ ಹೇಳಿದ್ದನ್ನು ಕೇಳುತ್ತ ರಾಮಪ್ರಸಾದರೂ ಎದುರಿನ ಕಲ್ಲಿನ ಮೇಲೆ ಕೂತರು. ಇವರಿಗಿಂತ ಮುಂಚೆ ಬಂದಿದ್ದ ಇಬ್ಬರು ಭಾರತೀಯ ಎಂಜಿನಿಯರುಗಳು ಒಂದು ವರ್ಷವೂ ನಿಲ್ಲದೆ ಕೆಲಸ ಬಿಟ್ಟುಹೋಗಿದ್ದರಂತೆ. ಮೂರನೆಯವರು ಒಂಟಿತನದಿಂದ ಹೋಗದ ಹಾಗೆ ನೋಡಿಕೊಳ್ಳುವುದು ನಿಮ್ಮ ಹೊಣೆ ಎಂದು ಮೇಲಿನವರು ಹೇಳಿದ್ದರಂತೆ. ಇನಾಗಾಕಿ ಸಾನ್ ಬಯೋಡೇಟಾ ತೆಗೆದು ಮೂರು ಸಲ ಓದಿದರು. ಪುಸ್ತಕ ಓದುವವರಿಗೆ, ಸಂಗೀತ ಕೇಳುವವರಿಗೆ ಜೊತೆ ಬೇಡ. ಬೆಟ್ಟಕ್ಕೆ ಬೇಕು. ಆ ಸಂಜೆಯೇ ಬೂಟು ಕೊಂಡರು, ಬೆಟ್ಟ ಹತ್ತುವುದು ಹೇಗೆ ಎಂಬ ಪುಸ್ತಕ ಕೊಂಡರು. ಅವರಿಗೆ ಎತ್ತರವೆಂದರೆ ಚಿಕ್ಕಂದಿನಿಂದ ಭಯ, ಮೂರನೆಯ ಮಹಡಿಯ ಬಾಲ್ಕನಿಗೂ ಹೋಗುವುದಿಲ್ಲ. ಅವರ ಶನಿವಾರವೆಂದರೆ ಮನೆಯ ಮೂಲೆಯ ಕಾಫಿ ಅಂಗಡಿಯಾಗಿತ್ತು. ನಗೋಯಾದ ಕಡೆ ಬೆಳಗ್ಗೆ ಒಂದು ಕಾಫಿ ಹೇಳಿದರೆ ಅದರ ಜೊತೆ ದಪ್ಪ ಟೋಸ್ಟು, ಬೇಯಿಸಿದ ಮೊಟ್ಟೆ ತಾನಾಗಿ ಬರುತ್ತದೆ. ಅದನ್ನು ಮುಂದಿಟ್ಟುಕೊಂಡು ಹತ್ತು ಗಂಟೆಯವರೆಗೆ ಪೇಪರು ಓದುವುದಕ್ಕಿಂತ ದೊಡ್ಡ ಸುಖ ಅವರಿಗೆ ತಿಳಿದಿರಲಿಲ್ಲ. ಎರಡು ವರ್ಷ ಹೇಗೋ ಹತ್ತಿ, ಇವರು ಊರಿಗೆ ಒಗ್ಗಿಕೊಂಡ ಮೇಲೆ ನಿಲ್ಲಿಸಬಹುದು ಎಂದುಕೊಂಡಿದ್ದರು. ಆದರೆ ಪ್ರತಿ ಸಲವೂ ಕೆಳಗಿಳಿದ ಕೂಡಲೇ ರಾಮು ಸಾನ್, ಮುಂದಿನದು ಯಾವಾಗ ಎಂದು ಕೇಳುತ್ತಿದ್ದರು.

ನೋಟ್‌ಬುಕ್ ತೆಗೆದು ನೋಡಿದರು. ಹತ್ತಿದ ಬೆಟ್ಟಗಳನ್ನೇ ಮತ್ತೆ ಹತ್ತಿದ್ದೂ ಸೇರಿ ಇದು ಇನ್ನೂರ ಅರವತ್ತೊಂದನೆಯದು. ದಾಕ್ಷಿಣ್ಯಕ್ಕೆ ಹೋಳಿಗೆ ತಿಂದವರನ್ನು ನಾವು ಕಂಡಿದ್ದೇವೆ. ಇಷ್ಟು ಬೆಟ್ಟ ತಿಂದವರು ಇವರಿಬ್ಬರೇ ಇರಬೇಕು. ಮೊದಲು ನಕ್ಕವರು ಇನಾಗಾಕಿ ಸಾನ್. ಸಭ್ಯ ಮನುಷ್ಯ, ಬಾಯಿಗೆ ಟೋಪಿ ಅಡ್ಡ ಹಿಡಿದು ನಕ್ಕರು. ರಾಮಪ್ರಸಾದರಿಗೆ ಕಣ್ಣಲ್ಲಿ ನೀರು ಬಂತು. ಎದೆಯಿಂದ ಒಂದು ಬಂಡೆ ಇಳಿದ ಹಾಗಾಗಿತ್ತು. ಇಳಿಯುವಾಗ ಇಬ್ಬರೂ ಮೊದಲ ಸಲ ಬೆಟ್ಟವನ್ನು ಬಾಯ್ತುಂಬ ಬೈದರು. ಜಿಗಣೆ, ಜಾರು ಬೇರು, ಮೇಲೆ ಹತ್ತಿಸಿ ಮತ್ತೆ ಕೆಳಗಿಳಿಸಿ ಮತ್ತೆ ಹತ್ತಿಸುವ ದಾರಿ, ಯಾವುದನ್ನೂ ಬಿಡಲಿಲ್ಲ. ಹೋಂಗೊ ಸ್ಟೇಷನ್ನಿನ ಮುಂದೆ ಕಾರಿನಿಂದ ಇಳಿದ ರಾಮಪ್ರಸಾದರು ಆ ದಿನ ಮುಂದಿನದು ಯಾವಾಗ ಎಂದು ಕೇಳಲಿಲ್ಲ.

ಅಕ್ಟೋಬರಿನ ಎರಡನೆಯ ಶನಿವಾರ ಅವರು ಎಂಟು ಗಂಟೆಗೆ ಎದ್ದರು. ವಸುಂಧರಾ ಆಗಲೇ ಸ್ನಾನ ಮುಗಿಸಿ, ಹಾಲ್‌ನ ಸೋಫಾವನ್ನು ಗೋಡೆಗೆ ತಳ್ಳಿ, ಎರಡು ಕುಕ್ಕರ್ ಇಟ್ಟಿದ್ದರು. ದೋಸೆ ಇರಲಿಲ್ಲ. ಬ್ರೆಡ್ ಇದೆ ನೋಡಿ ಎಂದರು. ನಮ್ರತಾ ಚೀಲ ಏರಿಸಿಕೊಂಡು ಹೊರಟು ನಿಂತಿದ್ದಳು. ಪುಟ್ಟಿ, ಇವತ್ತು ನಾನು ಮನೇಲೇ ಇದ್ದೀನಿ ಕಣೇ ಎಂದರು ಅಪ್ಪ.

"ಅಪ್ಪ, ಸಾಟರ್‌ಡೇ ನಂಗೆ ಜುಕು ಇದೆ. ಆರು ಗಂಟೆ ತನಕ," ಎಂದಳು ಬೂಟಿನ ದಾರ ಕಟ್ಟುತ್ತ. "ಫೈವ್ ಇಯರ್ಸ್‌ನಿಂದ."

ಮಗಳು ಐದು ವರ್ಷದಿಂದ ಶನಿವಾರದ ಟ್ಯೂಷನ್ನಿಗೆ ಹೋಗುತ್ತಿದ್ದಾಳೆಂದು ಅಪ್ಪನಿಗೆ ತಿಳಿದದ್ದು ಹೀಗೆ. ಅದನ್ನು ನುಂಗಿಕೊಳ್ಳುವಷ್ಟರಲ್ಲಿ ಹತ್ತು ಗಂಟೆಗೆ ಬೆಲ್ ಆಯಿತು. ಬಾಗಿಲು ತೆರೆದರೆ ಒಂಬತ್ತು ಜನ ಹೆಂಗಸರು, ಮುಂದೆ ಇನಾಗಾಕಿ ಸಾನ್ ಅವರ ಹೆಂಡತಿ ಯೋಶಿಕೊ ಸಾನ್, ಎಲ್ಲರ ಕೈಯಲ್ಲೂ ಮಡಚಿದ ಏಪ್ರನ್. ಇವರನ್ನು ಕಂಡು ಯೋಶಿಕೊ ಸಾನ್ ಒಂದು ಹೆಜ್ಜೆ ಹಿಂದೆ ಸರಿದರು. ಸುಮಿಮಾಸೆನ್, ಕ್ಷಮಿಸಿ ಎಂದು ಒಂಬತ್ತು ಜನವೂ ಒಬ್ಬರಾದ ಮೇಲೊಬ್ಬರು ಹೇಳಿ, ಗೂಡಿನಿಂದ ತಮ್ಮ ತಮ್ಮ ಕಾಲ್ಚಪ್ಪಲಿಗಳನ್ನು ಹುಡುಕದೆಯೇ ತೆಗೆದು ಮೆಟ್ಟಿಕೊಂಡು ಒಳಗೆ ಹೋದರು. ಎಲ್ಲಿ ಒಗ್ಗರಣೆ ಸೌಟು, ಎಲ್ಲಿ ಹಿಂಗಿನ ಡಬ್ಬಿ ಎಂದು ಅವರಿಗೆಲ್ಲ ಗೊತ್ತಿತ್ತು. ರಾಮಪ್ರಸಾದರಿಗೆ ಗೊತ್ತಿರಲಿಲ್ಲ. ಅವರು ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮಂಚದ ಮೇಲೆ ಕೂತರು. ಹೊರಗೆ ಎಂದಿನ ಹಾಗೆ ನಗು ಏಳಲು ಹೋಗಿ, ಯಾರೋ ಉಷ್ ಎಂದು, ಅಡಗಿತು. ಹೀಗೆ ನಾಲ್ಕೈದು ಸಲ ಆಯಿತು. ನೀರು ಕುಡಿಯಲು ಹೊರಬಂದಾಗ ಎಲ್ಲರೂ ಕೈಕೆಲಸ ನಿಲ್ಲಿಸಿ ತಲೆಬಾಗಿದರು. ಮತ್ತೆ ನೀರು ಬೇಕೆನಿಸಿದರೂ ಅವರು ಹೊರಬರಲಿಲ್ಲ.

ಸಂಜೆ ಹೆಂಡತಿಯನ್ನು ಕೂರಿಸಿಕೊಂಡು ಕೇಳಿದರು. ಮೂರನೆಯ ವರ್ಷದಿಂದ ಈ ಅಡುಗೆ ಕ್ಲಾಸು ನಡೆಯುತ್ತಿದೆ, ಬಿಸಿಬೇಳೆಬಾತಿನಿಂದ ಶುರುವಾಗಿ ಈಗ ಚಿರೋಟಿಗೆ ಬಂದಿದೆ. ಹೇಳಿದ್ದೆನಲ್ಲ, ಕಾಲು ಟಬ್ಬಿನಲ್ಲಿತ್ತು, ಹೂಂ ಅಂದಿರಿ ಎಂದರು ವಸುಂಧರಾ. ಮೆಟ್ಟಿಲಲ್ಲಿ ಕರಡಿಗಂಟೆಯ ಸದ್ದು ಕೇಳಿದ ಕೂಡಲೇ ಎಲ್ಲರೂ ಹಿಂದಿನ ಮೆಟ್ಟಿಲಿನಿಂದ ಇಳಿದುಹೋಗುತ್ತಿದ್ದರಂತೆ. ಯೋಶಿಕೊ ಸಾನ್ ತಮ್ಮ ಗಂಡನಿಗೆ ಎತ್ತರವೆಂದರೆ ಭಯ ಎನ್ನುವುದನ್ನು ಎರಡನೆಯ ಕ್ಲಾಸಿನಲ್ಲೇ ಹೇಳಿದ್ದರಂತೆ.

"ಹಾಗಾದ್ರೆ ನಿಂಗೆ ಮೊದ್ಲಿಂದ್ಲೂ ಗೊತ್ತು. ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ ವಸು?"

ವಸುಂಧರಾ ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚಿದರು.

"ಹೇಳೋಣ ಅಂತಾನೇ ಇದ್ದೆ ರೀ. ಮಿಕ್ಕಿದ ದಿನ ನೀವು ಮನೇಲಿ ಏನ್ ಮಾತಾಡ್ತೀರಿ ಹೇಳಿ? ಊಟ ಆಯ್ತಾ, ಲೈಟ್ ಆಫ್ ಮಾಡು, ಅಷ್ಟೇ. ಬೆಟ್ಟಕ್ಕೆ ಹೋಗ್ ಬಂದ ದಿನ ಮಾತ್ರ ಬೈಕೊಂಡು ಬೈಕೊಂಡು ಎಲ್ಲಾ ಹೇಳ್ತಿದ್ರಿ. ಎಲ್ಲಿ ಜಾರಿದ್ರಿ, ಅವರೇನಂದ್ರು, ಮಂಗ ಏನ್ ಕಿತ್ಕೊಂಡು ಹೋಯ್ತು. ನಮ್ರತಾ ಅದನ್ನ ಕೇಳೋಕೆ ಅಂತ ನಿದ್ದೆ ಮಾಡದೆ ಕಾಯ್ತಿದ್ಲು. ಅದನ್ನ ಯಾಕ್ ನಿಲ್ಲಿಸ್ಲಿ?"

ಆ ರಾತ್ರಿ ಊಟಕ್ಕೆ ಕೂತಾಗ ನಮ್ರತಾ, ಇವತ್ತು ಏನಾಯ್ತಪ್ಪ ಎಂದು ಅಭ್ಯಾಸಬಲದಿಂದ ಕೇಳಿದಳು. ಹೇಳುವುದಕ್ಕೆ ಅವರಲ್ಲಿ ಏನೂ ಇರಲಿಲ್ಲ.

ನಾಲ್ಕನೆಯ ಶನಿವಾರದ ಮುಂಚಿನ ದಿನ ಇನಾಗಾಕಿ ಸಾನ್ ಫೋನು ಮಾಡಿದರು. ಅವರ ದನಿ ಇಳಿದಿತ್ತು. ಮೂರು ವಾರ ಮನೆಯಲ್ಲಿದ್ದಾರೆ, ಎಲ್ಲಿ ಕೂತರೂ ಯೋಶಿಕೊ ಅಲ್ಲೇ ವ್ಯಾಕ್ಯೂಮ್ ಕ್ಲೀನರ್ ಹಿಡಿದು ಬರುತ್ತಾರೆ, ನಾಳೆ ಬೆಟ್ಟಕ್ಕೆ ಹೋಗುವುದಿಲ್ಲವೇ ಎಂದು ಎರಡು ಸಲ ಕೇಳಿದ್ದಾರೆ. ಸತ್ಯವನ್ನು ಹೇಳುವ ಧೈರ್ಯ ಅವರಿಗೆ ಆಗಿರಲಿಲ್ಲ. ರಾಮಪ್ರಸಾದರು ಒಂದು ಉಪಾಯ ಹೇಳಿದರು.

ಹಾಗೆ ಶನಿವಾರ ಬೆಳಗ್ಗೆ ಆರೂವರೆಗೆ, ಬೂಟು, ಟೋಪಿ, ಬೆನ್ನಚೀಲ, ಕರಡಿಗಂಟೆ ಸಮೇತ ಇಬ್ಬರೂ ತಮ್ಮ ತಮ್ಮ ಮನೆಯಿಂದ ಬೆಟ್ಟಕ್ಕೆಂದು ಹೊರಟು, ಇನಾಗಾಕಿ ಸಾನ್ ಅವರ ಹಳೆಯ ಕಾಫಿ ಅಂಗಡಿಯಲ್ಲಿ ಎದುರುಬದುರು ಕೂತರು. ಬಾಗಿಲು ತಳ್ಳಿದಾಗ ಕರಡಿಗಂಟೆಗಳೆರಡೂ ಗಣಗಣ ಎಂದವು, ಅಂಗಡಿಯ ಅಜ್ಜಿ ತಲೆಯೆತ್ತಿ ನೋಡಿದಳು. ಕಾಫಿ ಬಂತು, ದಪ್ಪ ಟೋಸ್ಟು ಬಂತು. ರಾಮಪ್ರಸಾದರು ತಮ್ಮ ಮೊಟ್ಟೆಯನ್ನು ಅವರ ತಟ್ಟೆಗೆ ಹಾಕಿದರು. ಹದಿಮೂರು ವರ್ಷ ಬಯಸಿದ ಸುಖ ಕಣ್ಣೆದುರಿಗಿತ್ತು. ಏಳೂಕಾಲಿಗೆ ಟೋಸ್ಟು ಮುಗಿಯಿತು. ಏಳೂವರೆಗೆ ಪೇಪರು ಮುಗಿಯಿತು. ಬೆಟ್ಟದಲ್ಲಿ ಗಂಟೆಗಟ್ಟಲೆ ಮಾತಾಡದೆ ನಡೆದರೂ ಒಬ್ಬರಿಗೊಬ್ಬರು ಭಾರವೆನಿಸುತ್ತಿರಲಿಲ್ಲ. ಇಲ್ಲಿ ಎರಡು ನಿಮಿಷ ಮೌನವಾಗಿ ಕೂತರೆ ಎತ್ತ ನೋಡಬೇಕೆಂದೇ ತಿಳಿಯುತ್ತಿರಲಿಲ್ಲ. ಇಬ್ಬರೂ ಕಿಟಕಿಯಾಚೆಯ ಸಿಗ್ನಲ್ ದೀಪವನ್ನು ನೋಡುತ್ತ ಕೂತರು.

ಇನಾಗಾಕಿ ಸಾನ್ ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು. ನಿವೃತ್ತರಿಗೆ ಊರಿನಲ್ಲಿ ಸಣ್ಣಪುಟ್ಟ ಕೆಲಸ ಕೊಡಿಸುವ ಕಚೇರಿಯ ಅರ್ಜಿ. ಹೆಸರು, ವಿಳಾಸ, ಹಿಂದಿನ ಕೆಲಸ ಎಲ್ಲವನ್ನೂ ಮುದ್ದಾದ ಅಕ್ಷರದಲ್ಲಿ ತುಂಬಿದ್ದರು. ಒಂದು ಕಾಲಂ ಮಾತ್ರ ಖಾಲಿ ಇತ್ತು.

"ಎರಡು ವಾರದಿಂದ ಯೋಚಿಸುತ್ತಿದ್ದೇನೆ," ಎಂದರು. "ಹವ್ಯಾಸ ಅಂತ ಏನು ಬರೆಯುವುದು?"

ರಾಮಪ್ರಸಾದರು ಅರ್ಜಿಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು, ಅವರ ಪೆನ್ನನ್ನೇ ಕೇಳಿ ಇಸಿದುಕೊಂಡರು. ಜಪಾನೀ ಅಕ್ಷರಗಳಲ್ಲಿ ಅವರಿಗೆ ನೋಡದೆ ಬರೆಯಲು ಬರುವುದು ಕೆಲವೇ, ಅದರಲ್ಲಿ ಬೆಟ್ಟ ಒಂದು. ಮೂರು ಗೆರೆ ನೆಟ್ಟಗೆ, ಒಂದು ಅಡ್ಡ. ಬರೆದು, ಅರ್ಜಿಯನ್ನು ವಾಪಸು ತಳ್ಳಿದರು.

ಇನಾಗಾಕಿ ಸಾನ್ ಕನ್ನಡಕ ಹಾಕಿಕೊಂಡು ಅದನ್ನು ನೋಡಿದರು. ಹೊಡೆದುಹಾಕಲಿಲ್ಲ. ಅರ್ಜಿ ಮಡಚಿ ಚೀಲಕ್ಕಿಟ್ಟು, ಬಗ್ಗಿ ಬೂಟಿನ ದಾರ ಬಿಗಿ ಮಾಡಿಕೊಂಡರು. ಸನಾಗೆ ಬೆಟ್ಟಕ್ಕೆ ಇಲ್ಲಿಂದ ಒಂದೇ ಗಂಟೆ ಎಂದರು. ಹೊತ್ತಾದರೆ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ ಎಂದು ರಾಮಪ್ರಸಾದರು ಆಗಲೇ ಎದ್ದು ನಿಂತಿದ್ದರು.